ಅಪ್ಪನ ಟ್ರಂಕಿನಿಂದ ಶುರು ಮಾಡಿ: ಮನೆಯ ನಿವೃತ್ತ ಸೈನಿಕರ ಬದುಕನ್ನು ಬರೆದಿಡುವುದು ಹೇಗೆ

2016ರಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡರು. ಮಿಲಿಟರಿಯಲ್ಲಿ 17 ವರ್ಷ ಇದ್ದವರು. ಹನ್ನೊಂದನೇ ದಿನಕ್ಕೆ ಮನೆ ಮುಂದೆ ಫ್ಲೆಕ್ಸ್ ಹಾಕಿಸಬೇಕಿತ್ತು. ಅಂಗಡಿಯವರು ವಿವರ ಕೇಳಿದರು. ಹುಟ್ಟಿದ ತಾರೀಕು, ತೀರಿಕೊಂಡ ತಾರೀಕು, ಒಂದು ಫೋಟೊ, ಕೆಳಗೆ 'ನಿವೃತ್ತ ಯೋಧರು'. ಅದು ಬಿಟ್ಟು ನಮಗೆ ಮತ್ತೇನೂ ಹೇಳೋಕೆ ಬರಲಿಲ್ಲ. ಯಾವ ರೆಜಿಮೆಂಟು ಅಂತ ಅವರ ಮಗನಿಗೇ ಸರಿಯಾಗಿ ಗೊತ್ತಿರಲಿಲ್ಲ. ಊಟಕ್ಕೆ ಮುಂಚೆ ಎರಡು ಮಾತಾಡೋಕೆ ಎದ್ದವರೆಲ್ಲ "ದೇಶಸೇವೆ ಮಾಡಿದರು, ತುಂಬಾ ಒಳ್ಳೆಯವರು" ಅಂದು ಕೂತರು.

ನಮ್ಮಪ್ಪ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ಅವರೂ ಸೈನಿಕರೇ. ಸೇನೆಯ ಸರಬರಾಜು ವಿಭಾಗವಾದ ಎ.ಎಸ್.ಸಿ.ಯಲ್ಲಿ ಡ್ರೈವರ್ ಆಗಿ 1968ರಲ್ಲಿ ಸೇರಿ, 1990ರಲ್ಲಿ ಹವಾಲ್ದಾರ್ ಆಗಿ ಮನೆಗೆ ಬಂದವರು. ದೊಡ್ಡಪ್ಪ ತೀರಿಕೊಂಡಾಗ ಅವರಿಗೆ 67 ವರ್ಷ. ನಾಳೆ ಅವರ ಬಗ್ಗೆ ಕೇಳಿದರೆ ನನ್ನ ಹತ್ತಿರವೂ ಇದೇ ಎರಡು ಮಾತು ತಾನೇ ಇರೋದು ಅಂತ ಅವತ್ತು ನನಗೆ ಭಯ ಆಯಿತು. ಮುಂದಿನ ವಾರವೇ ಒಂದು ನೋಟ್‌ಬುಕ್ ತಂದೆ. ಅಪ್ಪ 2022ರಲ್ಲಿ ಹೋದರು. ಅಷ್ಟರಲ್ಲಿ ಎರಡು ನೋಟ್‌ಬುಕ್ ತುಂಬಿತ್ತು, ಫೋನಿನಲ್ಲಿ 31 ರೆಕಾರ್ಡಿಂಗ್ ಇತ್ತು. ಈ ಆರು ವರ್ಷದಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಅಂತ ಇಲ್ಲಿ ಹೇಳುತ್ತೇನೆ.

ನಮ್ಮದು ಕೊಡಗಿನ ಶನಿವಾರಸಂತೆ. 1899ರಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹುಟ್ಟಿದ ಊರು. ಮಡಿಕೇರಿಗೆ ಹೋದರೆ ಜನರಲ್ ತಿಮ್ಮಯ್ಯ ಅವರ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ ಆಗಿದೆ. ಆ ದೊಡ್ಡವರ ಬದುಕು ದಾಖಲಾಗಿದೆ, ಆಗಲೇಬೇಕಿತ್ತು. ಆದರೆ ನಮ್ಮ ಕಡೆ ಬೀದಿಗೊಬ್ಬರು ಸಿಪಾಯಿಯೋ ನಾಯಕ್ಕೋ ಹವಾಲ್ದಾರರೋ ಇದ್ದಾರೆ. ಅವರ ಬದುಕನ್ನು ಬರೆಯೋಕೆ ಹೊರಗಿನಿಂದ ಯಾರೂ ಬರುವುದಿಲ್ಲ. ಮನೆಯವರೇ ಬರೆಯಬೇಕು.

ಮೊದಲು ಟ್ರಂಕು

ಮಾತಿನಿಂದ ಶುರು ಮಾಡಬೇಡಿ. ವಸ್ತುವಿನಿಂದ ಶುರು ಮಾಡಿ. ಮಿಲಿಟರಿಯಿಂದ ಬಂದವರ ಮನೆಯಲ್ಲಿ ಒಂದು ಕಪ್ಪು ಕಬ್ಬಿಣದ ಟ್ರಂಕು ಇದ್ದೇ ಇರುತ್ತದೆ. ಅಟ್ಟದ ಮೇಲೋ ಮಂಚದ ಕೆಳಗೋ ನೋಡಿ. ಅದನ್ನು ಅವರ ಎದುರಿಗೇ ತೆರೆಯಿರಿ. ಅವರಿಲ್ಲದಾಗ ತೆಗೆದು ಜೋಡಿಸಿಟ್ಟು ಬಿಟ್ಟರೆ ಅರ್ಧ ಕಥೆ ಅಲ್ಲೇ ಹೋಯಿತು. ಯಾವ ಸಾಮಾನು ಯಾಕೆ ಯಾವುದರ ಪಕ್ಕ ಇತ್ತು ಅಂತ ಅವರಿಗೆ ಮಾತ್ರ ಗೊತ್ತಿರುತ್ತದೆ.

ತೆರೆಯುವ ಮುಂಚೆ ಮುಚ್ಚಳ ನೋಡಿ. ನಮ್ಮಪ್ಪನ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಅವರ ಸೇನಾ ನಂಬರು, ಹುದ್ದೆ, ಹೆಸರು ಬರೆದಿತ್ತು. 'ಹವಾಲ್ದಾರ್' ಅನ್ನೋ ಪದದ ಇಂಗ್ಲಿಷ್ ಅಕ್ಷರಗಳ ಕೆಳಗೆ ಬಣ್ಣ ಸ್ವಲ್ಪ ಉಬ್ಬಿತ್ತು. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದೆ. ಕಪ್ಪು ಬಣ್ಣದ ಅಡಿಯಲ್ಲಿ 'ನಾಯಕ್' ಕಾಣಿಸಿತು. ಅದರ ಅಡಿಯಲ್ಲಿ ಇನ್ನೂ ಮಸುಕಾಗಿ 'ಸಿಪಾಯಿ'. ಬಡ್ತಿ ಸಿಕ್ಕಾಗಲೆಲ್ಲ ಹಳೇದರ ಮೇಲೆ ಕಪ್ಪು ಬಳಿದು ಹೊಸದು ಬರೆಸಿದ್ದರು. ನಾನು ಬೆರಳಿಟ್ಟು ತೋರಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಇದನ್ನ ಬರೆದಿದ್ದು ನಮ್ಮ ಯೂನಿಟ್ಟಿನ ಪೇಂಟರು. ಬೋರ್ಡ್ ಬರೆಯೋನು. ಒಂದು ಬೀಡಿ ಕಟ್ಟು ಕೊಟ್ಟಿದ್ದೆ" ಅಂದರು. ಅಷ್ಟು ವರ್ಷದಲ್ಲಿ ಅಪ್ಪ ಸೇನೆಯ ಬಗ್ಗೆ ತಾವಾಗಿ ಹೇಳಿದ ಮೊದಲ ಮಾತು ಅದು.

ಮೆಡಲ್ ಸಿಕ್ಕರೆ ಬ್ರಾಸೊ ಹಾಕಿ ತಿಕ್ಕಬೇಡಿ. ಹುಣಸೆಹಣ್ಣೂ ಬೇಡ. ಮೆಡಲಿನ ಅಂಚಿನಲ್ಲಿ ನಂಬರು, ಹುದ್ದೆ, ಹೆಸರು, ಪಡೆ ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಕೊರೆದಿರುತ್ತಾರೆ. ತಿಕ್ಕಿ ತಿಕ್ಕಿ ಅದೇ ಸವೆದುಹೋಗುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ ಓದಿ. ಅಪ್ಪನ ಡಬ್ಬಿಯಲ್ಲಿ ಐದು ಇದ್ದವು. 1971ರ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿದ್ದವರಿಗೆ ಕೊಟ್ಟ ಪಶ್ಚಿಮಿ ಸ್ಟಾರ್, ಆಗ ಸೇವೆಯಲ್ಲಿದ್ದವರಿಗೆ ಕೊಟ್ಟ ಸಂಗ್ರಾಮ್ ಮೆಡಲ್, ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್, ಆಮೇಲೆ 9 ವರ್ಷ ಮತ್ತು 20 ವರ್ಷದ ಸೇವೆಯ ಮೆಡಲ್‌ಗಳು. ಇವು ಶೌರ್ಯ ಪದಕಗಳಲ್ಲ. ಯಾರಾದರೂ ಕೇಳಿದರೆ ಹಾಗೇ ಹೇಳಿ, ಮುಚ್ಚಿಡಬೇಡಿ. ಪ್ರತಿ ಮೆಡಲೂ ಅವರು ಯಾವ ಕಾಲದಲ್ಲಿ ಎಲ್ಲಿದ್ದರು ಅಂತ ಹೇಳುವ ಒಂದು ಸಾಕ್ಷಿ. ನಿಮಗೆ ಬೇಕಾಗಿರೋದು ಅದೇ.

ಕಾಗದಗಳು

ಎಲ್ಲಕ್ಕಿಂತ ಮುಖ್ಯ ಡಿಸ್ಚಾರ್ಜ್ ಬುಕ್. ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ, ಹುದ್ದೆ, ಕೆಲಸ, ಮೆಡಲ್‌ಗಳು, ಎತ್ತರ, ಗುರುತಿನ ಚಿಹ್ನೆ ಎಲ್ಲ ಅದರಲ್ಲಿರುತ್ತವೆ. ನಡತೆ ಹೇಗಿತ್ತು ಅಂತಲೂ ಒಂದು ಸಾಲು ಇರುತ್ತದೆ. ನಮ್ಮಪ್ಪನದರಲ್ಲಿ 'ಎಕ್ಸೆಂಪ್ಲರಿ' ಅಂತಿತ್ತು, ಅಂದರೆ ಮಾದರಿ. ಗುರುತಿನ ಜಾಗದಲ್ಲಿ 'ಎಡ ಹುಬ್ಬಿನ ಮೇಲೆ ಗಾಯದ ಕಲೆ' ಅಂತಿತ್ತು. ದಿನಾ ನೋಡಿದ ಮುಖ. ಆ ಕಲೆ ಎಲ್ಲಿಂದ ಬಂತು ಅಂತ ನಾನು ಒಂದು ದಿನವೂ ಕೇಳಿರಲಿಲ್ಲ. ಕೇಳಿದೆ. "ಚಿಕ್ಕಂದಿನಲ್ಲಿ ಹಲಸಿನ ಮರದಿಂದ ಬಿದ್ದಿದ್ದೆ, ಅಷ್ಟೇ" ಅಂದರು. ಬರೆದುಕೊಂಡೆ.

ಎರಡನೇದು ಪಿ.ಪಿ.ಒ., ಅಂದರೆ ಪಿಂಚಣಿ ಪಾವತಿಯ ಆದೇಶ ಪತ್ರ. ಮೂರನೇದರ ಬಗ್ಗೆ ಎಷ್ಟೋ ಮನೆಯವರಿಗೆ ಗೊತ್ತೇ ಇರುವುದಿಲ್ಲ. ಅದು ಪಾರ್ಟ್ ಟು ಆರ್ಡರ್. ಸೈನಿಕರ ಮದುವೆ ಆದರೆ, ಮಗು ಹುಟ್ಟಿದರೆ, ರಜೆಗೆ ಹೋದರೆ, ಬೇರೆ ಕಡೆ ವರ್ಗ ಆದರೆ ಯೂನಿಟ್ಟಿನವರು ಅದನ್ನು ಆ ಆರ್ಡರಿನಲ್ಲಿ ದಾಖಲು ಮಾಡುತ್ತಾರೆ. ಶನಿವಾರಸಂತೆಯ ಮಳೆಯಲ್ಲಿ ನಾನು ಹುಟ್ಟಿದ ಸುದ್ದಿ ಲಡಾಖಿನ ಯಾವುದೋ ಡೇರೆಯಲ್ಲಿ ಟೈಪ್ ಆಗಿ ಸರ್ಕಾರಿ ಕಾಗದ ಆಗಿದೆ! ಅದರ ಒಂದು ಮಾಸಿದ ಪ್ರತಿ ಅಪ್ಪನ ಟ್ರಂಕಿನಲ್ಲಿತ್ತು. ಸೇನೆಯ ಕಾಗದದಲ್ಲಿ ಮನೆಯ ಸುದ್ದಿಯೂ ಇರುತ್ತದೆ ಅಂತ ನನಗೆ ತಿಳಿದದ್ದು ಆಗ.

ಕಾಗದಗಳು ಕಳೆದುಹೋಗಿದ್ದರೆ ಕೈ ಚೆಲ್ಲಿ ಕೂರಬೇಡಿ. ಸೇನೆಯ ಪ್ರತಿ ವಿಭಾಗಕ್ಕೂ ಒಂದು ರೆಕಾರ್ಡ್ಸ್ ಆಫೀಸ್ ಇದೆ. ನಂಬರು, ಹುದ್ದೆ, ಹೆಸರು ಬರೆದು, ಪಿ.ಪಿ.ಒ. ಪ್ರತಿ ಮತ್ತು ನಿಮ್ಮ ಸಂಬಂಧದ ದಾಖಲೆ ಇಟ್ಟು ಕಾಗದ ಹಾಕಬಹುದು. ಯಾರಿಗೆ ಬರೆಯಬೇಕು ಅಂತ ತಿಳಿಯದಿದ್ದರೆ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕೇಳಿ. ನಂಬರು ಒಂದು ಗೊತ್ತಿದ್ದರೆ ದಾರಿ ಸಿಗುತ್ತದೆ. ಅದಕ್ಕೇ ಮೊದಲ ದಿನವೇ ನಂಬರನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಆ ನಂಬರನ್ನು ಮಾತ್ರ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ.

ಇದೇ ಸಮಯದಲ್ಲಿ ಇನ್ನೊಂದು ಕೆಲಸ ಮಾಡಿ. ಎಲ್ಲ ಕಾಗದದಲ್ಲೂ ಹೆಂಡತಿಯ ಹೆಸರು, ಹುಟ್ಟಿದ ತಾರೀಕು ಒಂದೇ ಥರ ಇದೆಯಾ ಅಂತ ನೋಡಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಿ.ಪಿ.ಒ., ಈಗಿನ 'ಸ್ಪರ್ಶ್' ಪಿಂಚಣಿ ಖಾತೆ, ಎಲ್ಲದರಲ್ಲೂ. ನಮ್ಮಮ್ಮನ ಹೆಸರಿನಲ್ಲಿ ಒಂದು ಅಕ್ಷರ ವ್ಯತ್ಯಾಸ ಇತ್ತು. ನಾನು ನೋಡಿದ್ದೆ, ಆಮೇಲೆ ಸರಿ ಮಾಡಿಸೋಣ ಅಂತ ಬಿಟ್ಟಿದ್ದೆ. ಅಪ್ಪ ಹೋದಮೇಲೆ ಆ ಒಂದು ಅಕ್ಷರಕ್ಕೆ ಅಮ್ಮನ ಪಿಂಚಣಿ ಐದು ತಿಂಗಳು ನಿಂತಿತು. ಅಮ್ಮ ಕಚೇರಿಯ ಬೆಂಚಿನ ಮೇಲೆ ಕೂತು "ಇವರ ಹೆಂಡತಿ ನಾನೇ ಅಂತ ಎಷ್ಟು ಸಲ ಹೇಳಲಿ?" ಅಂದದ್ದು ಇನ್ನೂ ಕಿವಿಯಲ್ಲಿದೆ. ಅವರು ಬದುಕಿರುವಾಗಲೇ ಸರಿ ಮಾಡಿಸಿ.

ಪುಟದ ಮಧ್ಯೆ ಒಂದು ಗೆರೆ

ಇದೊಂದು ನಾನು ತಪ್ಪು ಮಾಡಿ ಮಾಡಿ ಕಂಡುಕೊಂಡ ದಾರಿ. ಮೊದಲು ನಾನು ಅಪ್ಪನ ಸೇನೆಯ ಕಥೆ ಒಂದು ನೋಟ್‌ಬುಕ್, ಮನೆಯ ಕಥೆ ಇನ್ನೊಂದು ನೋಟ್‌ಬುಕ್ ಅಂತ ಮಾಡಿದ್ದೆ. ಎರಡೂ ಸಪ್ಪೆಯಾಗಿದ್ದವು. ಒಂದರಲ್ಲಿ ಬರೀ ಊರಿನ ಹೆಸರು, ಇನ್ನೊಂದರಲ್ಲಿ ಬರೀ ಮದುವೆ ನಾಮಕರಣ. ಆಮೇಲೆ ಒಂದೇ ಪುಟದ ಮಧ್ಯೆ ಸ್ಕೇಲ್ ಇಟ್ಟು ಗೆರೆ ಎಳೆದೆ. ಎಡಗಡೆ ಅಪ್ಪ ಎಲ್ಲಿದ್ದರು. ಬಲಗಡೆ ಅದೇ ತಿಂಗಳು ಮನೆಯಲ್ಲಿ ಏನಾಗುತ್ತಿತ್ತು.

1978 ಜೂನ್. ಎಡಗಡೆ: ಶ್ರೀನಗರ–ಲೇಹ್ ರಸ್ತೆ, ಕಾನ್‌ವಾಯ್ ಡ್ಯೂಟಿ. ಬಲಗಡೆ: ನಾನು ಹುಟ್ಟಿದೆ, ಎರಡು ದಿನ ಕರೆಂಟ್ ಇಲ್ಲ, ಚಿಕ್ಕಪ್ಪ ನೆನೆದುಕೊಂಡು ಹೋಗಿ ತಂತಿ ಕಳಿಸಿದರು. ನವೆಂಬರ್. ಎಡಗಡೆ: ಹಿಮ ಬಿದ್ದು ಆ ರಸ್ತೆಯ ಜೋಜಿಲಾ ಕಣಿವೆದಾರಿ ಮುಚ್ಚಿತು, ರಜೆ ಸಿಕ್ಕಿತು. ಬಲಗಡೆ: ಅಪ್ಪ ನನ್ನನ್ನು ಮೊದಲ ಸಲ ಎತ್ತಿಕೊಂಡರು, ನಾನು ಮೀಸೆ ನೋಡಿ ಅತ್ತೆ.

ಹೀಗೆ ಎದುರುಬದುರು ಇಟ್ಟಾಗ ಸೈನಿಕರ ಮನೆಯ ಬದುಕು ಎಂಥದ್ದು ಅಂತ ಕಾಣಿಸುತ್ತದೆ. ಆಗ ವರ್ಷಕ್ಕೆ ಎರಡು ತಿಂಗಳು ವಾರ್ಷಿಕ ರಜೆ, ಅದರ ಜೊತೆ ಸ್ವಲ್ಪ ಕ್ಯಾಶುವಲ್ ರಜೆ. ಜಮ್ಮುವಿನಿಂದ ರೈಲು, ಬಸ್ಸು ಹಿಡಿದು ಊರು ಸೇರುವಾಗ ಅದರಲ್ಲೂ ಕೆಲವು ದಿನ ದಾರಿಯಲ್ಲೇ ಹೋಗುತ್ತಿತ್ತು. ಟ್ರಂಕಿನಲ್ಲಿದ್ದ ರಜೆ ಚೀಟಿಗಳನ್ನು, ಅಮ್ಮನ ನೆನಪನ್ನು ಸೇರಿಸಿ ಲೆಕ್ಕ ಹಾಕಿದೆ. ನನ್ನ ಮೊದಲ ಐದು ವರ್ಷದಲ್ಲಿ ಅಪ್ಪ ಮನೆಯಲ್ಲಿದ್ದದ್ದು ಸುಮಾರು 340 ದಿನ. ಪೂರ್ತಿ ಒಂದು ವರ್ಷವೂ ಇಲ್ಲ. ನೀವೂ ಈ ಲೆಕ್ಕ ಹಾಕಿ ನೋಡಿ. ಯಾವ ದೊಡ್ಡ ಪದಕ್ಕಿಂತ ಈ ಒಂದು ಸಂಖ್ಯೆ ಜಾಸ್ತಿ ಹೇಳುತ್ತದೆ.

ಹಳೆ ಕಾಗದಗಳು, ಇನ್‌ಲ್ಯಾಂಡ್ ಲೆಟರ್‌ಗಳು ಇದ್ದರೆ ತಾರೀಕು ನೋಡಿ ಜೋಡಿಸಿ. ಒಂದು ತೊಂದರೆ ಇದೆ. ವಿಳಾಸದಲ್ಲಿ 'ಕೇರ್ ಆಫ್ 56 ಎ.ಪಿ.ಒ.' ಅಂತಲೋ '99 ಎ.ಪಿ.ಒ.' ಅಂತಲೋ ಮಾತ್ರ ಇರುತ್ತದೆ (ಎ.ಪಿ.ಒ. ಅಂದರೆ ಸೇನೆಯ ಅಂಚೆ ಕಚೇರಿ). ಊರಿನ ಹೆಸರು ಇರುವುದಿಲ್ಲ, ಸೈನಿಕರು ಅದನ್ನು ಬರೆಯುವಂತಿರಲಿಲ್ಲ. 99 ಅಂದರೆ ಈಶಾನ್ಯದ ಕಡೆ, 56 ಅಂದರೆ ಉಳಿದ ಕಡೆ, ಅಷ್ಟು ಸುಳಿವು ಸಿಗುತ್ತದೆ. ಮಿಕ್ಕಿದ್ದು ಅವರ ಬಾಯಿಂದಲೇ ಬರಬೇಕು.

ಕೇಳುವ ರೀತಿ

"ಅಪ್ಪ, ಯುದ್ಧ ಹೇಗಿತ್ತು?" ಅಂತ ಕೇಳಿದೆ ಮೊದಲ ದಿನ.

"ಹೂಂ. ಇತ್ತು."

ಅಷ್ಟೇ. ಎದ್ದು ಹೋಗಿ ಮೆಣಸಿನ ಬಳ್ಳಿಗೆ ಕಟ್ಟು ಹಾಕತೊಡಗಿದರು. ಎರಡು ತಿಂಗಳು ನಾನು ಇಂಥ ಪ್ರಶ್ನೆಗಳನ್ನೇ ಕೇಳಿ ಸೋತೆ. 'ಹೇಗನಿಸಿತು', 'ಭಯ ಆಯ್ತಾ', 'ಹೆಮ್ಮೆ ಆಯ್ತಾ', ಇವಕ್ಕೆ ಆ ತಲೆಮಾರಿನ ಗಂಡಸರು ಉತ್ತರ ಕೊಡುವುದಿಲ್ಲ. ಕೈಗೆ, ಕಾಲಿಗೆ, ಹೊಟ್ಟೆಗೆ ಸಂಬಂಧಪಟ್ಟ ಪ್ರಶ್ನೆ ಕೇಳಿ. ಏನು ಓಡಿಸುತ್ತಿದ್ದರು, ಏನು ತಿನ್ನುತ್ತಿದ್ದರು, ಎಲ್ಲಿ ಮಲಗುತ್ತಿದ್ದರು, ಸಾಕ್ಸು ಹೇಗೆ ಒಣಗಿಸುತ್ತಿದ್ದರು.

ಒಂದು ಸಂಜೆ ಕರೆಂಟ್ ಹೋಗಿತ್ತು. ಅಪ್ಪ ಅಂಗಳದಲ್ಲಿ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು. ಸುಮ್ನೆ ಕೇಳಿದೆ: "ಯುದ್ಧದ ಟೈಮಲ್ಲಿ ಲೈಟ್ ಹಾಕೋ ಹಾಗಿಲ್ಲ ಅಂತಾರಲ್ಲ, ಕತ್ತಲೆಯಲ್ಲಿ ಲಾರಿ ಹೇಗೆ ಓಡಿಸ್ತಿದ್ರಿ?"

ಅಪ್ಪನ ಕೈ ನಿಂತಿತು. "ಮುಂದಿನ ಗಾಡಿ ನೋಡ್ಕೊಂಡು" ಅಂದರು. ಮುಂದಿನ ಗಾಡಿಯೂ ಕತ್ತಲೆಯಲ್ಲೇ ಇರುತ್ತದಲ್ಲ ಅಂದೆ. ಆಗ ಅವರು ಒಂದು ಅಡಿಕೆ ತೆಗೆದು ನೆಲದ ಮೇಲೆ ಇಟ್ಟರು. ಅದರ ಹಿಂದೆ ಇನ್ನೊಂದು. "ಶಕ್ತಿಮಾನ್ ಗಾಡಿ ಕೆಳಗೆ, ಹಿಂದಿನ ಎರಡು ಚಕ್ರದ ನಡುವೆ ಒಂದು ಗುಂಡಗಿನ ಹೌಸಿಂಗ್ ಇರುತ್ತೆ. ಅದಕ್ಕೆ ಬಿಳಿ ಬಣ್ಣ ಬಳಿದಿರ್ತಾರೆ. ಅದರ ಮೇಲೆ ಬೀಳೋ ಹಾಗೆ ಒಂದು ಸಣ್ಣ ಲೈಟು. ಮೇಲಿಂದ ವಿಮಾನಕ್ಕೆ ಕಾಣಲ್ಲ. ಹಿಂದಿನ ಡ್ರೈವರಿಗೆ ಆ ಬಿಳಿ ಮಾತ್ರ ಕಾಣುತ್ತೆ. ರಾತ್ರಿಯೆಲ್ಲ ಅದನ್ನೇ ನೋಡ್ಕೊಂಡು ಹೋಗೋದು. ಅದು ಎಡಕ್ಕೆ ಹೋದ್ರೆ ಎಡಕ್ಕೆ, ನಿಂತ್ರೆ ನಿಲ್ಲೋದು. ಕಣ್ಣು ಮುಚ್ಚಿದ್ರೂ ಬಿಳಿ ಕಾಣ್ತಿತ್ತು ಕಣಮ್ಮ." ಅವತ್ತು ಒಂದೂವರೆ ಗಂಟೆ ಮಾತಾಡಿದರು. ಪಠಾಣ್‌ಕೋಟ್ ಕಡೆಯಿಂದ ಗಡಿಗೆ ಮದ್ದುಗುಂಡು ಸಾಗಿಸಿದ್ದು, ವಾಪಸು ಬರುವಾಗ ಗಾಯಾಳುಗಳನ್ನು ಕೂರಿಸಿಕೊಂಡು ಬಂದದ್ದು. ಆಗ ಅವರಿಗೆ 22 ವರ್ಷ.

ಅವರ ಕೈಗೆ ಏನಾದರೂ ಕೆಲಸ ಇರುವಾಗಲೇ ಕೇಳಿ. ಎದುರುಬದುರು ಕುರ್ಚಿ ಹಾಕಿಕೊಂಡು ಕೂತರೆ ಅದು ವಿಚಾರಣೆ ಥರ ಆಗುತ್ತದೆ. ರಸ್ತೆಯ ವಿಷಯಕ್ಕೆ ನಕ್ಷೆ ಇಟ್ಟುಕೊಳ್ಳಿ. ನಾನು ದೊಡ್ಡ ಹಾಳೆಯಲ್ಲಿ ಶ್ರೀನಗರದಿಂದ ಲೇಹ್‌ವರೆಗಿನ ರಸ್ತೆಯನ್ನು ಪ್ರಿಂಟ್ ಹಾಕಿಸಿ ಕೊಟ್ಟೆ. ಸೋನಮಾರ್ಗ್, ಜೋಜಿಲಾ, ದ್ರಾಸ್, ಕಾರ್ಗಿಲ್, ಫೋತುಲಾ, ಲಾಮಾಯುರು ಅಂತ ಅಪ್ಪ ಬೆರಳಿಟ್ಟು ಹೋಗುತ್ತಿದ್ದರು, ಲಾರಿ ಓಡಿಸುತ್ತಿರುವ ಹಾಗೆ. ಜೋಜಿಲಾ ಸುಮಾರು 11,500 ಅಡಿ, ಫೋತುಲಾ ಸುಮಾರು 13,500 ಅಡಿ. ಎತ್ತರ ಜಾಸ್ತಿ ಫೋತುಲಾದಲ್ಲಿ, ಆದರೆ ಬೆರಳು ನಿಧಾನ ಆಗುತ್ತಿದ್ದದ್ದು ಜೋಜಿಲಾದಲ್ಲಿ. ಇಂಥದ್ದನ್ನು ಗಮನಿಸಿ ಬರೆದುಕೊಳ್ಳಿ.

ರೆಕಾರ್ಡ್ ಮಾಡುವುದಾದರೆ ಅವರಿಗೆ ಹೇಳಿಯೇ ಮಾಡಿ. ಫೋನನ್ನು ಏರೋಪ್ಲೇನ್ ಮೋಡಿನಲ್ಲಿ ಹಾಕಿ, ಟವೆಲ್ ಮಡಿಸಿ ಅದರ ಮೇಲಿಡಿ, ಫ್ಯಾನ್ ಆರಿಸಿ. ಅರ್ಧ ಗಂಟೆ ಸಾಕು. ಫೈಲಿಗೆ ಅವತ್ತೇ ತಾರೀಕು, ವಿಷಯ ಹಾಕಿ ಹೆಸರು ಕೊಡಿ. ಮಲೆನಾಡಿನವರು ಜೂನ್‌ನಿಂದ ಆಗಸ್ಟ್‌ವರೆಗೆ ಈ ಕೆಲಸಕ್ಕೆ ಹೋಗಬೇಡಿ. ನನ್ನ ಮೊದಲ ನಾಲ್ಕು ರೆಕಾರ್ಡಿಂಗಿನಲ್ಲಿ ಹೆಂಚಿನ ಮೇಲೆ ಮಳೆ ಬೀಳೋದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ಅವರು ಹೇಳಿದ್ದು ಪುಸ್ತಕದಲ್ಲಿ ಇರೋದಕ್ಕೆ ಹೊಂದದಿದ್ದರೆ ಕೂಡಲೇ ತಿದ್ದಬೇಡಿ. ಅಪ್ಪ ಯಾವಾಗಲೂ "ಯುದ್ಧ ಹದಿನೇಳಕ್ಕೆ ನಿಂತಿತು" ಅನ್ನುತ್ತಿದ್ದರು. ಡಿಸೆಂಬರ್ 16 ಅಲ್ವಾ ವಿಜಯ ದಿವಸ, ವಯಸ್ಸಾಗಿ ಮರೆತಿದ್ದಾರೆ ಅಂತ ನಾನು 16 ಅಂತಲೇ ಬರೆದಿದ್ದೆ. ಆಮೇಲೆ ಓದಿ ನೋಡಿದರೆ, 1971ರ ಡಿಸೆಂಬರ್ 16ರಂದು ಪಾಕಿಸ್ತಾನದ ಸೇನೆ ಶರಣಾದದ್ದು ಢಾಕಾದಲ್ಲಿ. ಪಶ್ಚಿಮ ಗಡಿಯಲ್ಲಿ ಗುಂಡು ನಿಂತದ್ದು 17ರ ರಾತ್ರಿ 8 ಗಂಟೆಗೆ. ಅಪ್ಪ ಇದ್ದದ್ದು ಪಶ್ಚಿಮದಲ್ಲಿ. ಅವರ ನೆನಪೇ ಸರಿ. ಬಿಳಿ ಹಾಳೆಯ ಮೇಲೆ ನಾನು ತಪ್ಪು ಬರೆದಿದ್ದೆ. ಅವರ ಹತ್ತಿರ ಹೋಗಿ ಹೇಳಿದಾಗ ತಲೆ ಅಲ್ಲಾಡಿಸಿದರು, ಏನೂ ಅನ್ನಲಿಲ್ಲ.

ಕೆಲವು ವಿಷಯ ಅವರು ಹೇಳುವುದಿಲ್ಲ. 1979ರ ಒಂದು ಅಪಘಾತದ ಬಗ್ಗೆ ಕೇಳಿದಾಗ ಅಪ್ಪ "ಅದು ಬೇಡ" ಅಂದರು. ಎಡಗಡೆ ಕಾಲಂನಲ್ಲಿ ತಿಂಗಳು ಬರೆದು, ಮುಂದೆ 'ಅದು ಬೇಡ' ಅಂತಲೇ ಬರೆದಿದ್ದೇನೆ. ಅವರ ಗೆಳೆಯರನ್ನು ಕೇಳಿ ಅದನ್ನು ತುಂಬಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ. ನೀವೂ ಹಾಗೇ ಬಿಡಿ ಅನ್ನೋದು ನನ್ನ ಮಾತು.

ಬೇರೆಯವರ ಹತ್ತಿರ ಹೋಗಿ

ಅಮ್ಮನನ್ನು ಬೇರೆಯಾಗಿ ಕೂರಿಸಿ ಕೇಳಿ. ಅಪ್ಪ ಎದುರಿಗಿದ್ದರೆ ಅಮ್ಮ "ಅವರನ್ನೇ ಕೇಳು" ಅನ್ನುತ್ತಾರೆ. ಬಲಗಡೆ ಕಾಲಂ ಪೂರ್ತಿ ಅಮ್ಮನದೇ ಅಂತ ಮರೆಯಬೇಡಿ. ಮನಿ ಆರ್ಡರ್ ಬರುವವರೆಗೆ ಅಂಗಡಿಯಲ್ಲಿ ಸಾಲ ಹೇಳಿದ್ದು, ಅತ್ತೆ ಮಾವನನ್ನು ನೋಡಿಕೊಂಡದ್ದು, 1971ರ ಕಥೆ ಕೇಳಿ ಮದುವೆಗೆ ತವರಿನವರು ಹಿಂದೆಮುಂದೆ ನೋಡಿದ್ದು, ಅದೆಲ್ಲ ಬರದಿದ್ದರೆ ಸೈನಿಕರ ಕಥೆ ಅರ್ಧವೇ.

ಗೆಳೆಯರ ನಂಬರು ಹುಡುಕಿ. ಅಪ್ಪನ ಡೈರಿಯಲ್ಲಿ ತಮಿಳುನಾಡಿನ ಒಬ್ಬರ ಫೋನ್ ನಂಬರಿತ್ತು. ಅಪ್ಪನ ಜೊತೆ ಎಂಟು ವರ್ಷ ಲಾರಿ ಓಡಿಸಿದವರು. ನನಗೆ ತಮಿಳು ಬರಲ್ಲ, ಅವರಿಗೆ ಕನ್ನಡ ಬರಲ್ಲ. ಇಬ್ಬರೂ ಹರಕುಮುರುಕು ಹಿಂದಿಯಲ್ಲಿ ಮಾತಾಡಿದೆವು. ಅವರು ಮೊದಲು ಕೇಳಿದ್ದೇ "ಕಾಫಿ ಬರುತ್ತಾ ಈಗಲೂ?" ಅಂತ. ನಮ್ಮಜ್ಜಿ ಎರಡು ತಿಂಗಳಿಗೊಮ್ಮೆ ಅಪ್ಪನಿಗೆ ಮನೆಯಲ್ಲೇ ಹುರಿದು ಪುಡಿ ಮಾಡಿದ ಕಾಫಿಪುಡಿ ಪಾರ್ಸೆಲ್ ಮಾಡುತ್ತಿದ್ದರು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು. ದ್ರಾಸಿನಲ್ಲಿ ಬುಖಾರಿ ಒಲೆಯ ಮೇಲೆ ನೀರು ಕಾಯಿಸಿ ಆ ಪುಡಿಯನ್ನು ಆರು ಜನ ಹಂಚಿಕೊಂಡು ಕುಡಿಯುತ್ತಿದ್ದರು ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ಪುಡಿ ಮುಗಿಯುತ್ತಾ ಬಂದಾಗ ಅಪ್ಪ ಅದೇ ಚರಟವನ್ನು ಎರಡನೇ ಸಲ ಕುದಿಸುತ್ತಿದ್ದರಂತೆ. ಅಜ್ಜಿಗೆ ಇದು ತಿಳಿದಿದ್ದರೆ ಇನ್ನೂ ಅರ್ಧ ಸೇರು ಜಾಸ್ತಿ ಹಾಕುತ್ತಿದ್ದರು. ಈ ಒಂದು ಸಾಲನ್ನು ನಾನು ನಡುವಿನ ಗೆರೆಯ ಮೇಲೇ, ಎರಡೂ ಕಡೆ ಸೇರುವ ಹಾಗೆ ಬರೆದಿದ್ದೇನೆ.

ಊರಿನಲ್ಲಿ ಅವರಿಂದ ಏನಾದರೂ ಕಲಿತವರನ್ನು ಹುಡುಕಿ. 'ಹೇಗಿದ್ದರು' ಅಂತ ಕೇಳಿದರೆ 'ಒಳ್ಳೆಯವರು' ಅಂತಾರೆ. 'ಏನು ಕಲಿಸಿದರು' ಅಂತ ಕೇಳಿ. ಅಪ್ಪ ರಿಟೈರ್ ಆದಮೇಲೆ ಒಂದು ಕಾಫಿ ತೋಟದಲ್ಲಿ ಜೀಪು ಓಡಿಸುತ್ತಿದ್ದರು. ಊರಿನವರಿಗೆ 'ಮಿಲಿಟ್ರಿಯವರು'. ಅವರ ಹತ್ತಿರ ಡ್ರೈವಿಂಗ್ ಕಲಿತವರು ಅಮ್ಮನ ಲೆಕ್ಕದಲ್ಲಿ 19 ಜನ. ಅದರಲ್ಲಿ ಹನ್ನೊಂದು ಜನರನ್ನು ಮಾತಾಡಿಸಿದೆ. ಎಲ್ಲರೂ ಒಂದೇ ಮಾತು ಹೇಳಿದರು: "ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ ಅಂತಿದ್ದರು." ನಮ್ಮ ಬೀದಿಯ ಅಕ್ಕ ಒಬ್ಬರು 1994ರಲ್ಲಿ ಅಪ್ಪನಿಂದ ಜೀಪು ಕಲಿತರು. "ಹೆಂಗಸರಿಗೆ ಯಾಕೆ ಅಂತ ಎಲ್ಲ ಕೇಳಿದಾಗ ನಿಮ್ಮಪ್ಪ ಏನೂ ಹೇಳಲಿಲ್ಲ, ಕೀ ಕೈಗೆ ಕೊಟ್ಟು ಪಕ್ಕದ ಸೀಟಿನಲ್ಲಿ ಕೂತರು" ಅಂದರು.

ಬರೆಯುವಾಗ

ನನ್ನ ಮೊದಲ ಬರಹದಲ್ಲಿ 'ವೀರಯೋಧ', 'ಅಪ್ರತಿಮ', 'ದೇಶಕ್ಕಾಗಿ ಜೀವ ಸವೆಸಿದ' ಅಂತೆಲ್ಲ ಇತ್ತು. ಅಪ್ಪನಿಗೇ ಓದಿ ಹೇಳಿದೆ. "ಇದು ಯಾರು?" ಅಂದರು. ಆ ಪದಗಳನ್ನೆಲ್ಲ ಹೊಡೆದುಹಾಕಿದೆ. ನೀವೂ ಬರೆದದ್ದನ್ನು ಒಮ್ಮೆ ಓದಿ, ಯಾವ ಸೈನಿಕರಿಗಾದರೂ ಹೊಂದುವ ವಾಕ್ಯಗಳನ್ನು ತೆಗೆದುಹಾಕಿ. ನಿಮ್ಮ ಮನೆಯವರಿಗೆ ಮಾತ್ರ ಹೊಂದುವ ವಾಕ್ಯಗಳು ಉಳಿಯಲಿ. 'ಶಿಸ್ತಿನ ಮನುಷ್ಯ' ಬೇಡ. 'ಭಾನುವಾರ ಬೆಳಿಗ್ಗೆ ಮನೆಯವರದ್ದಷ್ಟೇ ಅಲ್ಲ, ಪಕ್ಕದ ಮನೆ ಮಕ್ಕಳ ಸ್ಕೂಲ್ ಶೂಗಳನ್ನೂ ಸಾಲಾಗಿ ಇಟ್ಟು ಪಾಲಿಶ್ ಹಾಕುತ್ತಿದ್ದರು' ಅಂತ ಬರೆಯಿರಿ.

ಅವರ ಕೋಪವನ್ನೂ ಬರೆಯಿರಿ. ಅಣ್ಣ ಸೇನೆಗೆ ಸೇರಲ್ಲ ಅಂದಾಗ ಅಪ್ಪ ಎಂಟು ತಿಂಗಳು ಅವನ ಜೊತೆ ಮಾತಾಡಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಊಟದ ಮನೆಯಲ್ಲಿ. ಇದನ್ನು ಹಾಕಲಾ ಅಂತ ಅಣ್ಣನನ್ನೇ ಕೇಳಿದೆ. "ಹಾಕು. ಒಂಬತ್ತನೇ ತಿಂಗಳು ನನ್ನ ಕೆಲಸದ ಇಂಟರ್‌ವ್ಯೂಗೆ ಮೈಸೂರಿಗೆ ಜೀಪಲ್ಲಿ ಕರ್ಕೊಂಡು ಹೋಗಿದ್ದೂ ಹಾಕು" ಅಂದ. ಎರಡನ್ನೂ ಹಾಕಿದೆ. ಬದುಕಿರುವವರ ವಿಷಯ ಬಂದಾಗ ಹೀಗೆ ಅವರನ್ನೇ ಕೇಳಿ.

ನೋಟ್‌ಬುಕ್ಕಿನಲ್ಲಿ 1990 ಮಾರ್ಚ್ 31ಕ್ಕೆ ಬಂದಾಗ ನಾನು ಮುಂದಿನ ಪುಟಕ್ಕೂ ಸ್ಕೇಲ್ ಇಟ್ಟೆ. ಪಕ್ಕದಲ್ಲಿ ಅಮ್ಮ ಕಾಳು ಆರಿಸುತ್ತಾ ಕೂತಿದ್ದರು. "ಇನ್ನು ಗೆರೆ ಯಾಕೆ? ಮನೆಗೆ ಬಂದರಲ್ಲ" ಅಂದರು. ಅಲ್ಲಿಂದ ಮುಂದೆ ನಮ್ಮ ಪುಸ್ತಕದಲ್ಲಿ ಗೆರೆ ಇಲ್ಲ.

ಫೋಟೊಗಳ ಬಗ್ಗೆ ಎರಡು ಮಾತು. ಹಿಂದೆ ಹೆಸರು ಬರೆಯುವಾಗ ಪೆನ್ ಬೇಡ, ಮೆತ್ತಗಿನ ಪೆನ್ಸಿಲ್ಲಿನಲ್ಲಿ ಹಗುರವಾಗಿ ಬರೆಯಿರಿ. ಗಾಜಿಗೆ ಅಂಟಿಕೊಂಡಿರುವ ಹಳೇ ಫೋಟೊವನ್ನು ಕೀಳಬೇಡಿ. ಗಾಜಿನ ಸಮೇತ ಕಿಟಕಿಯ ಬೆಳಕಿಗೆ ಹಿಡಿದು ಫೋನಿನಲ್ಲಿ ತೆಗೆಯಿರಿ. ನಾನು ಕಿತ್ತೆ, 1975ರ ಮದುವೆ ಫೋಟೊದಲ್ಲಿ ಈಗ ಅಮ್ಮನ ಅರ್ಧ ಮುಖ ಇಲ್ಲ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಆಲ್ಬಮ್ ಅನ್ನು ಗೋಡೆಗೆ ತಾಗಿಸಿ ಇಡಬೇಡಿ.

ಪುಸ್ತಕ ದೊಡ್ಡದಾಗಬೇಕಿಲ್ಲ. ನಮ್ಮದು 44 ಪುಟ. ಡಿ.ಟಿ.ಪಿ. ಅಂಗಡಿಯಲ್ಲಿ ಟೈಪ್ ಮಾಡಿಸಿ, ಜೆರಾಕ್ಸ್ ಹಾಕಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿದೆ. 25 ಪ್ರತಿ. ಅಪ್ಪ ಹೋದ ಮುಂದಿನ ವರ್ಷ ಜನವರಿ 14ರಂದು ಮನೆಯಲ್ಲಿ ಎಲ್ಲರನ್ನೂ ಕರೆದು ಹಂಚಿದೆವು. ಆ ದಿನವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. 1953ರ ಜನವರಿ 14ರಂದು ಕಾರ್ಯಪ್ಪ ನಿವೃತ್ತರಾದರು. ಅದರ ನೆನಪಿಗೇ ಆ ದಿನ ಮಾಜಿ ಸೈನಿಕರ ದಿನ. ನಮ್ಮೂರಿನವರ ದಿನ ನಮ್ಮಪ್ಪನಿಗೂ ಇರಲಿ ಅಂತ. ತಮಿಳುನಾಡಿನ ಅಂಕಲ್‌ಗೆ ಅಂಚೆಯಲ್ಲಿ ಒಂದು ಕಳಿಸಿ, ಕಾಫಿಯ ಪುಟವನ್ನು ಫೋನಿನಲ್ಲಿ ಹಿಂದಿ ಮಾಡಿ ಓದಿ ಹೇಳಿದೆ.

ಒಂದು ವಿಷಯ ಮರೆಯಬೇಡಿ. ಪ್ರತಿ ಪ್ರತಿಯ ಕೊನೆಯಲ್ಲೂ ನಾಲ್ಕು ಖಾಲಿ ಹಾಳೆ ಬಿಡಿ, ಜೊತೆಗೆ ಒಂದು ಪೆನ್ಸಿಲ್ ಕೊಡಿ. ಓದಿದವರು ತಮಗೆ ಗೊತ್ತಿರುವುದನ್ನು ಬರೆಯಲಿ, ತಪ್ಪಿದ್ದರೆ ತಿದ್ದಲಿ. ಆರು ತಿಂಗಳಾದಮೇಲೆ ಎಲ್ಲರ ಮನೆಗೂ ಹೋಗಿ ಆ ಹಾಳೆಗಳ ಫೋಟೊ ತೆಗೆದುಕೊಂಡು ಬನ್ನಿ. ನನಗೆ ಒಂಬತ್ತು ಜನ ಬರೆದುಕೊಟ್ಟರು. ಚಿಕ್ಕಪ್ಪನಿಗೆ ಈಗ 70. ಅವರ ಕೈ ನಡುಗುತ್ತದೆ. ಅವರ ಪ್ರತಿಯಲ್ಲಿ ಡಿಸ್ಚಾರ್ಜ್ ಬುಕ್ಕಿನ ಪುಟಕ್ಕೆ ಒಂದು ಬಾಣದ ಗುರುತು ಹಾಕಿ, ಕೊನೆಯ ಹಾಳೆಯಲ್ಲಿ ಹೀಗೆ ಬರೆದಿದ್ದರು: 'ಹುಬ್ಬಿನ ಕಲೆ ಹಲಸಿನ ಮರದಿಂದ ಬಿದ್ದದ್ದಲ್ಲ. ಕೆರೆ ಏರಿಯ ಮೇಲೆ ನಾನು ತಳ್ಳಿದ್ದು. ನಮ್ಮಪ್ಪ ನನ್ನನ್ನು ಹೊಡೆಯುತ್ತಾರೆ ಅಂತ ಅಣ್ಣ ಮರದಿಂದ ಬಿದ್ದೆ ಅಂತ ಹೇಳಿದ. ಕೊನೆವರೆಗೂ ಹಾಗೇ ಹೇಳಿದ್ದಾನೆ ಅಂತ ಇದನ್ನು ಓದಿದಾಗ ಗೊತ್ತಾಯಿತು.'